ಶ್ರೀಚಕ್ರ, ಮಂಡಲದ ಚಿತ್ರ ಗೋಡೆಗಿದ್ದರೆ ಸಾಲ ತೀರುತ್ತದೆಯೇ?

‘ಶ್ರೀಚಕ್ರ ಅಥವಾ ಮಂಡಲದ ಚಿತ್ರವನ್ನು ಪೂರ್ವದ ಗೋಡೆಗೆ ಹಾಕಿ, ಸಾಲ ತೀರುತ್ತದೆ’ ಎನ್ನುವ ಫಾರ್ವರ್ಡ್‌ಗಳು ನಮ್ಮ ಗ್ರೂಪ್‌ಗಳಿಗೂ ಬರುತ್ತವೆ. ಇದು ನಿಜವೇ?

ಶ್ರೀರಂಗಪಟ್ಟಣದ ಗಂಜಾಂನಲ್ಲಿ ನಿಮಿಷಾಂಬ ದೇವಿಯ ಮುಂದೆ ಕಲ್ಲಿನ ಶ್ರೀಚಕ್ರವಿದೆ. ಅದಕ್ಕೂ ಪೂಜೆ ಸಲ್ಲುತ್ತದೆ. ಶ್ರೀಚಕ್ರದ ನಡುವಿನ ಬಿಂದುವೇ ದೇವಿಯ ನೆಲೆ ಎಂಬುದು ನಂಬಿಕೆ.

ದಿಕ್ಕಿಗೆ ಅರ್ಥವಿರುವ ಪದ್ಧತಿಯೂ ಉಂಟು. 9ನೇ ಶತಮಾನದಲ್ಲಿ ಕೂಕೈ ಜಪಾನಿನಲ್ಲಿ ಸ್ಥಾಪಿಸಿದ ಶಿಂಗೊನ್ ಬೌದ್ಧ ಪಂಥದ ಮಂದಿರಗಳಲ್ಲಿ ಸಾಮಾನ್ಯವಾಗಿ ಕರುಣೆಯ ಗರ್ಭಧಾತು ಮಂಡಲ ಪೂರ್ವಕ್ಕೆ, ಜ್ಞಾನದ ವಜ್ರಧಾತು ಮಂಡಲ ಪಶ್ಚಿಮಕ್ಕೆ ಇರುತ್ತದೆ. ಕರುಣೆ, ಜ್ಞಾನ ಬೇರೆಬೇರೆಯಲ್ಲ ಎಂಬುದು ತಾತ್ಪರ್ಯ. ದೀಕ್ಷೆಗೆ ಬಂದವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಂಡಲದ ಮೇಲೆ ಹೂ ಹಾಕುತ್ತಾರೆ. ಹೂ ಬಿದ್ದಲ್ಲಿರುವ ದೇವತೆಯೊಂದಿಗೆ ಅವರಿಗೆ ನಂಟು.

ಅಂದರೆ ಜಾಗ, ದಿಕ್ಕು ಎರಡೂ ಪೂಜೆಗೆ ಸೇರಿದ್ದು. ಚಿತ್ರದಿಂದ ಸಾಲ ತೀರುತ್ತದೆ ಎನ್ನಲು ಪುರಾವೆಯಿಲ್ಲ. ಭಕ್ತಿಯಿಂದ ಹಾಕಿಕೊಳ್ಳಿ, ಸಾಲ ತೀರಲೆಂದು ದುಡ್ಡು ಸುರಿಯಬೇಡಿ.