ಗಣಕದ ಲೆಕ್ಕ ನೋಡುವವನ ಸಂಬಳ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ತೊಗರಿಯ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಗೃಹಸ್ಥರ ಮನಸ್ಸಿನಲ್ಲಿ ಏಳುವ ಮೊದಲನೆಯ ಚಿಂತೆ ಮಕ್ಕಳ ಓದಿನದು. ಬಿ.ಕಾಂ. ಮುಗಿಸಿದ ಮಗನಾಗಲಿ ಮಗಳಾಗಲಿ ಮುಂದೆ ಯಾವ ದಾರಿ ಹಿಡಿಯಬೇಕು? ಈ ಪ್ರಶ್ನೆಗೆ ದೊರೆಯುವ ಉತ್ತರಗಳಲ್ಲಿ ಈಚೆಗೆ ಒಂದು ಹೊಸ ಹೆಸರು ಸೇರಿದೆ: ಐ.ಟಿ. ಆಡಿಟರ್, ಅಂದರೆ ಗಣಕಯಂತ್ರದಲ್ಲಿರುವ ಮಾಹಿತಿಯ ಪರಿಶೋಧಕ. ಈ ವಿದ್ಯೆಯನ್ನು ಕಲಿಸುವ ತರಗತಿಗಳ ಜಾಹೀರಾತುಗಳಲ್ಲಿ ಸಂಬಳದ ಅಂಕಿ ದೊಡ್ಡಕ್ಷರದಲ್ಲಿರುತ್ತದೆ. ಆ ಸಂಬಳವು ಯಾವುದರಿಂದ ಏರುತ್ತದೆ, ಯಾವುದರಿಂದ ಇಳಿಯುತ್ತದೆ ಎಂಬ ವಿಚಾರ ಸಣ್ಣಕ್ಷರದಲ್ಲಿಯೂ ಇರುವುದಿಲ್ಲ. ಹೊಲದ ಮೇಲೆ ಸಾಲ ತೆಗೆದು ಶುಲ್ಕ ಕಟ್ಟುವುದಕ್ಕೆ ಮುಂಚೆ ತಂದೆತಾಯಿಗಳು ಅರಿತಿರಬೇಕಾದುದು ಈ ಎರಡನೆಯ ವಿಚಾರವೇ. ಆದುದರಿಂದ ಈ ತಿಂಗಳು ಅದನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ನಮ್ಮ ಭಾಗವು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಾಗ ಊರಿನ ಪಹಣಿಯನ್ನು ಪಟವಾರಿಯು ಬರೆಯುತ್ತಿದ್ದನು. ಗಿರದಾವರನು ಬಂದು ಅದನ್ನು ತಾಳೆ ನೋಡುತ್ತಿದ್ದನು. ಬರೆದವನೇ 'ಸರಿಯಾಗಿದೆ' ಎಂದು ಹೇಳಿದರೆ ಸಾಲದು, ಮತ್ತೊಬ್ಬನ ಕಣ್ಣು ಅದರ ಮೇಲೆ ಬೀಳಬೇಕೆಂಬ ವಿವೇಕವು ಆ ಏರ್ಪಾಡಿನಲ್ಲಿತ್ತು. ತರುವಾಯ, ೨೦೦೦ದಿಂದೀಚೆಗೆ ಎರಡು ಮೂರು ವರ್ಷಗಳಲ್ಲಿ, 'ಭೂಮಿ' ಎಂಬ ಯೋಜನೆಯ ಮೂಲಕ ಕರ್ನಾಟಕದ ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಆಗಿನ ೧೭೭ ತಾಲ್ಲೂಕುಗಳಲ್ಲಿ ನಮ್ಮ ಮೂರು ತಾಲ್ಲೂಕುಗಳೂ ಇದ್ದುವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಯಂತ್ರವನ್ನು ತೆರೆಯುವ ನೌಕರನು ತನ್ನ ಬೆರಳಿನ ಗುರುತನ್ನು ಕೊಟ್ಟೇ ತೆರೆಯಬೇಕೆಂಬ ನಿಯಮವಾಯಿತು.

ಈ ಬೆರಳಿನ ಗುರುತಿನಲ್ಲಿಯೇ ನಮ್ಮ ವಿಷಯದ ಬೀಜವಿದೆ. ಕಾಗದದ ಮೇಲೆ ತಿದ್ದಿದರೆ ಮಸಿಯ ಕಲೆ ಉಳಿಯುತ್ತದೆ. ಯಂತ್ರದಲ್ಲಿ ತಿದ್ದಿದರೆ ಹೊರಗಣ್ಣಿಗೆ ಯಾವ ಕಲೆಯೂ ಕಾಣದು. ಆದುದರಿಂದ ಯಾರು ಬರೆದರು, ಯಾರ ಅಪ್ಪಣೆಯಿಂದ ಬರೆದರು, ಯಾವ ಗಳಿಗೆಯಲ್ಲಿ ತಿದ್ದಿದರು, ತಿದ್ದಿದುದರ ಗುರುತು ಉಳಿದಿದೆಯೇ, ಬರೆಯುವ ಅಧಿಕಾರವೂ ಒಪ್ಪುವ ಅಧಿಕಾರವೂ ಒಬ್ಬನ ಕೈಯಲ್ಲಿಯೇ ಕೂಡಿಕೊಂಡಿವೆಯೇ ಎಂದು ಕೇಳುವವನೊಬ್ಬನು ಬೇಕು. ಅವನೇ ಈ ಪರಿಶೋಧಕ. ಅವನು ಯಂತ್ರವನ್ನು ಕಟ್ಟುವವನಲ್ಲ, ನಡೆಯಿಸುವವನೂ ಅಲ್ಲ. ಯಂತ್ರವನ್ನು ನಂಬಬಹುದೇ ಎಂದು ಹೇಳುವವನು.

ಇದರ ಅಗತ್ಯಕ್ಕೆ ಆಳಂದದಲ್ಲಿಯೇ ನಿದರ್ಶನವಿದೆ. ೨೦೨೩ರ ವಿಧಾನಸಭಾ ಚುನಾವಣೆಗೆ ಮುಂಚೆ, ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ೬,೦೧೮ ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ವಿಚಾರಿಸಿ ನೋಡಿದಾಗ ೨೪ ಮಾತ್ರ ನಿಜವೆಂದು ತಿಳಿದು, ಉಳಿದ ೫,೯೯೪ ಅರ್ಜಿಗಳು ತಿರಸ್ಕೃತವಾದವು. ಆ ವರ್ಷದ ಫೆಬ್ರವರಿಯಲ್ಲಿ ಚುನಾವಣಾಧಿಕಾರಿಯ ದೂರಿನ ಮೇಲೆ ಪೋಲೀಸು ಪ್ರಕರಣವೂ ದಾಖಲಾಯಿತು. ತಪ್ಪು ಯಾರದೆಂಬುದು ನ್ಯಾಯಾಲಯಕ್ಕೆ ಬಿಟ್ಟ ಮಾತು. ಅದು ನಮ್ಮ ವಿಷಯವಲ್ಲ. ಇಷ್ಟನ್ನು ಮಾತ್ರ ಗಮನಿಸಬೇಕು: ಅರ್ಜಿ ಸುಳ್ಳೆಂದು ತಿಳಿಯುವುದಕ್ಕೆ ಹೊಸ್ತಿಲಿಗೆ ಹೋಗಿ ಕೇಳಿದರೆ ಸಾಕಾಯಿತು, ಅದು ಎಲ್ಲಿಂದ, ಯಾವ ಸಂಖ್ಯೆಯಿಂದ, ಯಾರ ಹೆಸರಿನಲ್ಲಿ ಬಂತೆಂದು ತಿಳಿಯಬೇಕಾದರೆ ಯಂತ್ರದೊಳಗಣ ಜಾಡನ್ನು ಓದಬಲ್ಲವರೇ ಬೇಕು. ಹೊಲದ ಹಕ್ಕು, ಮತದ ಹಕ್ಕು, ಬ್ಯಾಂಕಿನಲ್ಲಿಟ್ಟ ಹಣ ಇವೆಲ್ಲವೂ ಇಂದು ಆ ಜಾಡಿನ ಮೇಲೆ ನಿಂತಿವೆ.

ಪ್ರಮಾಣದ ವಿಚಾರ ನಮ್ಮ ಸೀಮೆಗೆ ಹೊಸದಲ್ಲ. ಕಲ್ಯಾಣದ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ವಿಸ್ತಾರವಾಗಿ ವಿವೇಚಿಸಿದ್ದಾನೆ. ಇನ್ನು ಸಂಬಳದ ಮಾತಿಗೆ ಬಂದರೆ, ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಭೃತ್ಯರ ವೇತನದ ಪಟ್ಟಿಯೇ ಇದೆ. ಲೆಕ್ಕ ಎಣಿಸುವವನಿಗೂ ಬರೆಯುವವನಿಗೂ ೫೦೦ ಪಣ. ಕಂದಾಯವನ್ನು ಕೂಡಿಸುವ ಸಮಾಹರ್ತೃವಿಗೂ ಬೊಕ್ಕಸವನ್ನು ಕಾಯುವ ಸನ್ನಿಧಾತೃವಿಗೂ ೨೪,೦೦೦ ಪಣ. ಅಂಕಿಗಳನ್ನು ಬಲ್ಲವರು ಇಬ್ಬರೂ ಅಹುದು. ಆದರೂ ಸಂಬಳದಲ್ಲಿ ನಲವತ್ತೆಂಟು ಪಾಲಿನ ಅಂತರವಿದೆ. ಹೊರುವ ಹೊಣೆಯೇ ಈ ಅಂತರಕ್ಕೆ ಕಾರಣ. ದೊಡ್ಡ ಹೊಣೆ ಹೊತ್ತವನು ಆಸೆಗೆ ಬೀಳದಂತೆ ಇರಬೇಕಾದರೆ ಅವನ ಜೀವನಕ್ಕೆ ಕೊರತೆಯಾಗಬಾರದೆಂಬುದೂ ಆ ಗ್ರಂಥಕಾರನ ಅಭಿಪ್ರಾಯ. ಇಂದಿನ ಪರಿಶೋಧಕನ ಸಂಬಳಕ್ಕೂ ಇದೇ ಸೂತ್ರವು ಅನ್ವಯಿಸುತ್ತದೆ: ಪಟ್ಟಿ ನೋಡಿ ಗುರುತು ಹಾಕುವವನಿಗೆ ಸ್ವಲ್ಪ, ತೀರ್ಪಿಗೆ ರುಜು ಹಾಕಿ ಅದಕ್ಕೆ ಉತ್ತರ ಕೊಡಬಲ್ಲವನಿಗೆ ಬಹಳ.

ಇನ್ನು ಅಂಕಿಗಳು. ಸರ್ಕಾರದ ಸಂಬಳ ಬಹಿರಂಗವಾದುದರಿಂದ ಅಲ್ಲಿಂದ ಪ್ರಾರಂಭಿಸುವುದು ಯುಕ್ತ. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ ಇಲಾಖೆಯಲ್ಲಿ ಯಾವ ವಿಷಯದ ಪದವೀಧರನಾದರೂ ಸ್ಪರ್ಧಾಪರೀಕ್ಷೆಯಿಂದ ಆಡಿಟರನಾಗಬಹುದು. ೨೦೧೬ರ ಜನವರಿಯಿಂದ ಅನ್ವಯಿಸಿದ ೭ನೆಯ ವೇತನ ಆಯೋಗದ ಕ್ರಮದಲ್ಲಿ ಈ ಹುದ್ದೆಯ ಮೂಲವೇತನ ತಿಂಗಳಿಗೆ ೨೯,೨೦೦ ರೂಪಾಯಿಯಿಂದ ೯೨,೩೦೦ರವರೆಗೆ. ಅದರ ಮೇಲಿನ ಸಹಾಯಕ ಪರಿಶೋಧನಾಧಿಕಾರಿಯದು ೪೭,೬೦೦ರಿಂದ ೧,೫೧,೧೦೦. ಕೆಳಗಿನವನು ಇಲಾಖೆಯ ಪರೀಕ್ಷೆಗಳನ್ನು ಮುಗಿಸಿ ಮೇಲಕ್ಕೆ ಹೋಗಬಹುದು. ಆ ಇಲಾಖೆಯು ಇಂದು ಗಣಕವ್ಯವಸ್ಥೆಗಳನ್ನೂ ಪರಿಶೋಧಿಸುತ್ತದೆ. ೮ನೆಯ ಆಯೋಗವು ೨೦೨೫ರಲ್ಲಿ ರಚಿತವಾಗಿರುವುದರಿಂದ ಈ ಅಂಕಿಗಳು ಬದಲಾಗುವಂಥವು. ಮೆಟ್ಟಿಲಿನ ಕ್ರಮ ಮಾತ್ರ ಉಳಿಯತಕ್ಕದ್ದು.

ಸ್ಥಳವು ಸಂಬಳವನ್ನು ಹೇಗೆ ಬದಲಿಸುತ್ತದೆಂಬುದೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತುಟ್ಟಿಭತ್ಯವು ಶೇಕಡ ೫೦ ಮುಟ್ಟಿದ ೨೦೨೪ರ ಜನವರಿಯಿಂದ ಕೇಂದ್ರ ನೌಕರರ ಮನೆಬಾಡಿಗೆಯ ಭತ್ಯವು ಮೂಲವೇತನದ ಶೇಕಡ ೩೦, ೨೦, ೧೦ ಎಂದು ಮೂರು ತರವಾಯಿತು. ಬೆಂಗಳೂರು ಮೊದಲನೆಯ ತರ, ಕಲಬುರಗಿ ಎರಡನೆಯದು, ಆಳಂದದಂಥ ಊರು ಮೂರನೆಯದು. ಹಾಗಾಗಿ ೨೯,೨೦೦ ಮೂಲವೇತನದವನಿಗೆ ಬೆಂಗಳೂರಿನಲ್ಲಿ ೮,೭೬೦, ಕಲಬುರಗಿಯಲ್ಲಿ ೫,೮೪೦, ಆಳಂದದಲ್ಲಿ ೨,೯೨೦ ರೂಪಾಯಿ. ಹೆಚ್ಚು ಕೊಡುವ ಊರು ಹೆಚ್ಚು ಕಿತ್ತುಕೊಳ್ಳುತ್ತದೆಂಬುದನ್ನು ಬೆಂಗಳೂರಿನಲ್ಲಿ ಕೋಣೆ ಹುಡುಕಿದವರಿಗೆ ಹೇಳಬೇಕಾದುದಿಲ್ಲ. ಸ್ವಂತ ಮನೆಯಿಂದ ಓಡಾಡುವವನಿಗೆ ಸಣ್ಣ ಭತ್ಯವೂ ಉಳಿತಾಯ. ಹೊರದೇಶದ ಅಂಕಿಗಳಿಗೂ ಇದೇ ನ್ಯಾಯ. ಅಮೆರಿಕದ ಸರ್ಕಾರದ ಗಣತಿಯಂತೆ ೨೦೨೪ರ ಮೇ ತಿಂಗಳಲ್ಲಿ ಲೆಕ್ಕಿಗರು ಮತ್ತು ಪರಿಶೋಧಕರ ಮಧ್ಯಮ ವಾರ್ಷಿಕ ವೇತನ ೮೧,೬೮೦ ಡಾಲರು. ಇದನ್ನು ರೂಪಾಯಿಗೆ ಗುಣಿಸಿ ಬೆರಗಾಗುವವರು ಅಲ್ಲಿಯ ಬಾಡಿಗೆಯನ್ನೂ ವೈದ್ಯರ ಖರ್ಚನ್ನೂ ಅದೇ ರೀತಿ ಗುಣಿಸಬೇಕು.

ಖಾಸಗಿ ಕಂಪೆನಿಗಳಲ್ಲಿ ಸಂಬಳದ ಏರಿಳಿತಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳು. ಮೊದಲನೆಯದು ಕಾಯಿದೆಯ ಒತ್ತಾಯ. ರಿಸರ್ವ್ ಬ್ಯಾಂಕು ೨೦೨೩ರ ನವೆಂಬರ್ ೭ರಂದು ಹೊರಡಿಸಿ ೨೦೨೪ರ ಏಪ್ರಿಲ್ ೧ರಿಂದ ಜಾರಿಗೆ ತಂದ ನಿರ್ದೇಶನದಂತೆ ವಾಣಿಜ್ಯ ಬ್ಯಾಂಕುಗಳು ಮಾಹಿತಿವ್ಯವಸ್ಥೆಯ ಪರಿಶೋಧನೆಗೆ ಒಂದು ನೀತಿಯನ್ನು ಇಟ್ಟುಕೊಂಡಿರಲೇಬೇಕು. ಪರಿಶೋಧನೆಯನ್ನು ಬಿಡುವಂತಿಲ್ಲದ ಕಡೆ ಬಲ್ಲವನಿಗೆ ಬೆಲೆ ಹೆಚ್ಚು. ಎರಡನೆಯದು ಎರಡು ವಿದ್ಯೆಗಳ ಕೂಟ: ಲೆಕ್ಕ ಮಾತ್ರ ಬಲ್ಲವರು ಬಹಳ, ಯಂತ್ರ ಮಾತ್ರ ಬಲ್ಲವರು ಬಹಳ, ಎರಡನ್ನೂ ಬಲ್ಲವರು ವಿರಳ. ಮೂರನೆಯದು ಅನುಭವ. ನಾಲ್ಕನೆಯದು ಬರೆವಣಿಗೆ. ಕಂಡ ದೋಷವನ್ನು, ಅದರಿಂದಾಗುವ ಹಾನಿಯನ್ನು, ಅದರ ಪರಿಹಾರವನ್ನು ಆಡಳಿತಗಾರರಿಗೆ ತಿಳಿಯುವಂತೆ ಒಂದು ಹಾಳೆಯಲ್ಲಿ ಬರೆಯಬಲ್ಲವನು ಬೇಗ ಮೇಲೇರುತ್ತಾನೆ. ಭಾಷೆಯನ್ನು ಕಲಿಸಿದ ಮೇಷ್ಟ್ರು ಈ ಮಾತು ಹೇಳಿದರೆ ಸ್ವಪಕ್ಷಪಾತವೆಂದು ವಾಚಕರು ನಗಬಹುದು. ಆದರೂ ಮಾತು ನಿಜ.

ಕಂಪೆನಿಯ ನೇಮಕದ ಪತ್ರವನ್ನು ಓದುವ ಬಗೆಯನ್ನೂ ಮನೆಯವರು ಕಲಿಯಬೇಕು. ಉದಾಹರಣೆಗೆ ಪತ್ರದಲ್ಲಿ ವರ್ಷಕ್ಕೆ ೬ ಲಕ್ಷವೆಂದು ಬರೆದಿದೆಯೆಂದೂ, ಅದರಲ್ಲಿ ಮೂಲವೇತನ ೩ ಲಕ್ಷವೆಂದೂ ಭಾವಿಸಿರಿ. ಭವಿಷ್ಯನಿಧಿಗೆ ಕಂಪೆನಿಯ ಪಾಲು ಶೇಕಡ ೧೨ರಂತೆ ೩೬,೦೦೦. ಉಪದಾನಕ್ಕೆ ಶೇಕಡ ೪.೮೧ರಂತೆ ೧೪,೪೩೦, ಕೆಲಸ ಮೆಚ್ಚಿದರೆ ವರ್ಷಾಂತ್ಯದಲ್ಲಿ ಕೊಡುವ ಮೊತ್ತ ೬೦,೦೦೦ ಎಂದಿಟ್ಟುಕೊಳ್ಳಿರಿ. ಇವು ಮೂರೂ ತಿಂಗಳು ತಿಂಗಳು ಕೈಗೆ ಬರುವುವಲ್ಲ. ಉಳಿದ ೪,೮೯,೫೭೦ನ್ನು ಹನ್ನೆರಡರಿಂದ ಭಾಗಿಸಿದರೆ ಸುಮಾರು ೪೦,೮೦೦. ಅದರಲ್ಲಿ ನೌಕರನ ಸ್ವಂತ ಭವಿಷ್ಯನಿಧಿಯ ಪಾಲು ೩,೦೦೦, ವೃತ್ತಿತೆರಿಗೆ ೨೦೦ ಕಳೆದರೆ ಕೈಗೆ ಬರುವುದು ಸುಮಾರು ೩೭,೬೦೦. ೬ ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ೫೦,೦೦೦ವೆಂದು ನಂಬಿ ಸಾಲದ ಕಂತು ಗೊತ್ತುಮಾಡಿಕೊಂಡ ಮನೆಗೆ ತಿಂಗಳಿಗೆ ೧೨,೪೦೦ರ ಹಳ್ಳ ಬೀಳುತ್ತದೆ.

ಈಗ ಮುಖ್ಯವಾದ ಎಚ್ಚರಿಕೆ. ಈ ವೃತ್ತಿಯಲ್ಲಿ ಜಗತ್ತೆಲ್ಲ ಮನ್ನಿಸುವ ಪ್ರಮಾಣಪತ್ರವೊಂದಿದೆ, ಅದಕ್ಕೆ ಸಿ.ಐ.ಎಸ್.ಎ. ಎಂದು ಹೆಸರು. ೧೯೭೮ರಿಂದ ನಡೆದುಬಂದಿರುವ ಇದನ್ನು ಐಸಾಕಾ ಎಂಬ ಸಂಸ್ಥೆ ಕೊಡುತ್ತದೆ. ನಾಲ್ಕು ಗಂಟೆಗಳಲ್ಲಿ ೧೫೦ ಪ್ರಶ್ನೆಗಳು. ೮೦೦ಕ್ಕೆ ೪೫೦ ಬಂದರೆ ತೇರ್ಗಡೆ. ಶುಲ್ಕವು ಡಾಲರಿನಲ್ಲಿದೆ. ಇದನ್ನು ಪಡೆದವರಿಗೆ ಸಂಬಳ ಹೆಚ್ಚೆಂಬುದು ಸುಳ್ಳಲ್ಲ. ಆದರೆ ಪರೀಕ್ಷೆ ತೇರ್ಗಡೆಯಾದ ಮಾತ್ರಕ್ಕೆ ಪತ್ರ ಕೈಗೆ ಬರುವುದಿಲ್ಲ. ಐದು ವರ್ಷಗಳ ಸಂಬಂಧಪಟ್ಟ ಅನುಭವ ಬೇಕು. ಪದವಿ ಮೊದಲಾದುವಕ್ಕಾಗಿ ಹೆಚ್ಚೆಂದರೆ ಮೂರು ವರ್ಷ ರಿಯಾಯಿತಿ. ತೇರ್ಗಡೆಯಾದ ಐದು ವರ್ಷಗಳೊಳಗೆ ಅನುಭವವನ್ನು ತೋರಿಸಿ ಅರ್ಜಿ ಹಾಕದಿದ್ದರೆ ಪರೀಕ್ಷೆ ವ್ಯರ್ಥ. ಪತ್ರ ಬಂದ ಮೇಲೂ ಮೂರು ವರ್ಷಕ್ಕೆ ೧೨೦ ಗಂಟೆಗಳಂತೆ ಓದನ್ನು ಮುಂದುವರಿಸಬೇಕು. ಹೀಗಿರುವಲ್ಲಿ, ಕಾಲೇಜು ಬಿಟ್ಟ ಮರುದಿನವೇ ಹೊಲವನ್ನು ಒತ್ತೆಯಿಟ್ಟು ಈ ಪರೀಕ್ಷೆಯ ತರಗತಿಗೆ ಹಣ ಕಟ್ಟುವುದು ಬಿತ್ತುವುದಕ್ಕೆ ಮುಂಚೆ ರಾಶಿಯ ಕಣ ಹಸನುಮಾಡಿದಂತೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯೂ ಇಂಥ ಪಾಠಕ್ರಮವನ್ನು ನಡೆಸುತ್ತದೆ. ಅದು ಆ ಸಂಸ್ಥೆಯ ಸದಸ್ಯರಾದವರಿಗೆ ಮಾತ್ರ.

ಹಾಗಾದರೆ ಕ್ರಮವೇನು? ಮೊದಲು ಪದವಿಯ ಲೆಕ್ಕಶಾಸ್ತ್ರವನ್ನು ಗಟ್ಟಿಮಾಡಿಕೊಳ್ಳುವುದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ೨೦೦೯ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವಿರುವಾಗ ಹೆಚ್ಚಿನ ಓದಿಗೆ ದೂರವೇ ಹೋಗಬೇಕೆಂದಿಲ್ಲ. ಎರಡನೆಯದಾಗಿ, ಪರಿಶೋಧಕರ ಕಚೇರಿಯಲ್ಲಿ ಸಣ್ಣ ಸಂಬಳಕ್ಕಾದರೂ ಸೇರಿ ಕೆಲಸ ನೋಡುವುದು, ಅಥವಾ ಸರ್ಕಾರದ ಪರೀಕ್ಷೆಗೆ ಕುಳಿತುಕೊಳ್ಳುವುದು. ಸಂವಿಧಾನದ ೩೭೧-ಜೆ ಅನುಚ್ಛೇದದ ಮೇರೆಗೆ ೨೦೧೩ರಿಂದ ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ ರಾಜ್ಯಸರ್ಕಾರದ ಎ ಮತ್ತು ಬಿ ವರ್ಗದ ಹುದ್ದೆಗಳಲ್ಲಿ ಶೇಕಡ ೭೫, ಸಿ ವರ್ಗದಲ್ಲಿ ೮೦, ಡಿ ವರ್ಗದಲ್ಲಿ ೮೫ ಸ್ಥಳೀಯರಿಗೆ ಮೀಸಲು. ಅರ್ಹತಾಪತ್ರವನ್ನು ತಹಶೀಲು ಕಚೇರಿಯ ಕಡೆಯಿಂದ ಮೊದಲೇ ಮಾಡಿಸಿಟ್ಟುಕೊಂಡಿರಬೇಕು. ಮೂರನೆಯದಾಗಿ, ಎರಡು ವರ್ಷ ದುಡಿದು ಕೈಯಲ್ಲಿ ಸ್ವಂತ ಕಾಸು ಬಂದಮೇಲೆ ಪ್ರಮಾಣಪತ್ರದ ಯೋಚನೆ.

ಕೊನೆಯದಾಗಿ ಒಂದು ಮಾತು. ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷನು ೨೦೦೯ರ ಜನವರಿ ೭ರಂದು ತಾನೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ ೫,೩೬೧ ಕೋಟಿ ರೂಪಾಯಿಗಳ ನಗದು ಮತ್ತು ಬ್ಯಾಂಕುಶಿಲ್ಕಿನಲ್ಲಿ ೫,೦೪೦ ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡನು. ಅಷ್ಟು ದೊಡ್ಡ ಗಣಕದ ಕಂಪೆನಿಯಲ್ಲಿ ಯಂತ್ರಗಳ ಕೊರತೆಯಿರಲಿಲ್ಲ, ಅಂಕಿಗಳ ಕೊರತೆಯೂ ಇರಲಿಲ್ಲ. 'ಇದು ನಿಜವೇ?' ಎಂದು ಬಿಡದೆ ಕೇಳಿ, ಬ್ಯಾಂಕಿನಿಂದಲೇ ಉತ್ತರ ತರಿಸುವ ದೃಢತೆಯ ಕೊರತೆಯಿತ್ತು. ಪರಿಶೋಧಕನಿಗೆ ಸಂಬಳ ಕೊಡುವವನೂ ಅವನಿಂದ ಪರೀಕ್ಷಿಸಲ್ಪಡುವವನೂ ಬಹಳ ಸಲ ಒಬ್ಬನೇ ಆಗಿರುತ್ತಾನೆ. ಈ ವೃತ್ತಿಯ ಕಷ್ಟವೆಲ್ಲ ಇಲ್ಲಿಯೇ ಇದೆ. ಸಂಬಳ ಹೆಚ್ಚಲೆಂದು ಕಣ್ಣು ಮುಚ್ಚಿದವನು ಒಂದು ವರ್ಷ ಹೆಚ್ಚು ಪಡೆಯಬಹುದು. ಅವನ ರುಜುವಿಗೆ ಬೆಲೆ ತಪ್ಪಿದ ದಿನ ಅವನ ವಿದ್ಯೆಗೂ ಬೆಲೆಯಿಲ್ಲ. ಮಕ್ಕಳನ್ನು ಈ ದಾರಿಗೆ ಕಳುಹಿಸುವ ಗೃಹಸ್ಥರು ಅವರ ಕೈಗೆ ಶುಲ್ಕದ ಹಣವನ್ನು ಕೊಡುವಾಗ, ಒಪ್ಪದ ಲೆಕ್ಕಕ್ಕೆ 'ಒಪ್ಪೆನು' ಎಂದು ಬರೆಯುವ ಧೈರ್ಯವನ್ನೂ ಕಲಿಸಿ ಕಳುಹಿಸಲಿ.