ಮಾದರಿ ವಿಮಾನಗಳೂ ಬಿ.ಎ. ವಿದ್ಯಾರ್ಥಿಯೂ

— ಅಂತಿಮ ಬಿ.ಎ. ತರಗತಿಯ ಓರ್ವ ವಿದ್ಯಾರ್ಥಿ

ಕಾಲೇಜಿನಲ್ಲಿ ಓದುವವನು ಬಿಡುವಿನ ವೇಳೆಯಲ್ಲಿ ಏನು ಮಾಡಿದರೆ ಚೆನ್ನ ಎಂಬ ಬಗ್ಗೆ ನಮ್ಮ ಸಮಾಜದಲ್ಲಿ ಒಂದು ಅಲಿಖಿತ ಪಟ್ಟಿ ಇದೆ. ಅವನು ಕಾದಂಬರಿ ಓದಬಹುದು, ನಾಟಕವಾಡಬಹುದು, ಕ್ರಿಕೆಟ್ ಆಡಬಹುದು, ದೇಶದ ರಾಜಕೀಯವನ್ನು ಕುರಿತು ಗಂಟೆಗಟ್ಟಲೆ ವಾದ ಮಾಡಬಹುದು. ಆದರೆ ಅದೇ ವಿದ್ಯಾರ್ಥಿ ಗೋಂದು, ಉಪ್ಪುಕಾಗದ, ಬಣ್ಣದ ಡಬ್ಬಿಗಳನ್ನು ಮುಂದಿಟ್ಟುಕೊಂಡು ಗೇಣುದ್ದದ ವಿಮಾನವೊಂದಕ್ಕೆ ಬಣ್ಣ ಹಚ್ಚುತ್ತ ಕುಳಿತರೆ, ‘ಇಪ್ಪತ್ತು ವರ್ಷದವನಿಗೆ ಇದೆಂಥ ಮಕ್ಕಳಾಟ?’ ಎಂಬ ಪ್ರಶ್ನೆ ಏಳುವುದು. ಈ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ. ಪ್ರಮಾಣಬದ್ಧವಾದ ಮಾದರಿ ವಿಮಾನವನ್ನು ಕಟ್ಟಿ, ಅದಕ್ಕೆ ಸರಿಯಾದ ಬಣ್ಣ ಮತ್ತು ಚಿಹ್ನೆಗಳನ್ನು ಬರೆಯುವುದು ಮಕ್ಕಳಾಟವಲ್ಲ. ಅದು ಇತಿಹಾಸದ ಅಭ್ಯಾಸ. ವಿಜ್ಞಾನದ ವಿದ್ಯಾರ್ಥಿಗಿಂತಲೂ ನಮ್ಮಂಥ ಕಲಾ ವಿದ್ಯಾರ್ಥಿಗಳಿಗೆ ಅದು ಹೆಚ್ಚು ಸಲ್ಲತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಮೊದಲು ‘ಪ್ರಮಾಣ’ ಎಂಬ ಮಾತನ್ನು ವಿವರಿಸಬೇಕು. ಜಾತ್ರೆಯಲ್ಲಿ ಕೊಳ್ಳುವ ಆಟದ ವಿಮಾನಕ್ಕೆ ರೆಕ್ಕೆ, ಬಾಲಗಳಿದ್ದರೆ ಸಾಕು; ಅದು ಯಾವ ವಿಮಾನವೆಂದು ಯಾರೂ ಕೇಳುವುದಿಲ್ಲ. ಮಾದರಿ ವಿಮಾನ ಹಾಗಲ್ಲ. ಹೆಚ್ಚು ಬಳಕೆಯಲ್ಲಿರುವ ಪ್ರಮಾಣವೆಂದರೆ ಎಪ್ಪತ್ತೆರಡರಲ್ಲಿ ಒಂದು ಪಾಲು. ಅಂದರೆ ಆರು ಅಡಿ ಎತ್ತರದ ಮನುಷ್ಯನು ಒಂದು ಅಂಗುಲವಾಗುತ್ತಾನೆ. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ‘ಮರುತ್’ ಯುದ್ಧವಿಮಾನದ ಉದ್ದ 15.87 ಮೀಟರು. ಈ ಲೆಕ್ಕದಲ್ಲಿ ಅದು 22 ಸೆಂಟಿಮೀಟರಾಗುವುದು. ಒಂಬತ್ತು ಮೀಟರಿನ ಅದರ ರೆಕ್ಕೆಯ ಹರವು ಹನ್ನೆರಡೂವರೆ ಸೆಂಟಿಮೀಟರಿಗೆ ಇಳಿಯುವುದು. ಕಿಟಕಿ, ಚಕ್ರ, ಬಾಲದ ಮೇಲಿನ ಅಂಕಿ, ಎಲ್ಲವೂ ಇದೇ ಲೆಕ್ಕಕ್ಕೆ ಒಳಪಡಬೇಕು. ಎಲ್ಲಿ ಲೆಕ್ಕ ತಪ್ಪುವುದೋ ಅಲ್ಲಿ ಮಾದರಿಯು ಆಟಿಕೆಯಾಗುವುದು.

ಈ ಕಲೆ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಫ್ರಾಗ್ ಎಂಬ ಸಂಸ್ಥೆಯು 1936ರಲ್ಲಿಯೇ ಇದೇ ಪ್ರಮಾಣದ ಪ್ಲಾಸ್ಟಿಕ್ ಮಾದರಿಗಳನ್ನು ಮಾರುಕಟ್ಟೆಗೆ ತಂದಿತು. ಅದಕ್ಕೂ ಮುಂಚೆ ಮರವನ್ನು ಕೆತ್ತಿ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಈ ‘ಮಕ್ಕಳಾಟ’ವನ್ನು ಒಂದು ಸರ್ಕಾರವೇ ಬೇಡಿಕೊಂಡ ಪ್ರಸಂಗವುಂಟು. ಆಕಾಶದಲ್ಲಿ ಕಾಣುವ ವಿಮಾನ ಸ್ವಪಕ್ಷದ್ದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ತರಬೇತಿ ಬೇಕಾಗಿತ್ತು. ಆದುದರಿಂದ 1942ರಲ್ಲಿ ಅಮೆರಿಕದ ನೌಕಾಪಡೆಯು ದೇಶದ ಶಾಲಾ ವಿದ್ಯಾರ್ಥಿಗಳಿಗೆ ಕರೆಯಿತ್ತು, ಐವತ್ತು ಬಗೆಯ ವಿಮಾನಗಳ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಕೊಡುವಂತೆ ಕೇಳಿತು. ಆ ಮಾದರಿಗಳಿಗೆಲ್ಲ ಬಳಿದದ್ದು ಬರೇ ಕಪ್ಪು ಬಣ್ಣ. ಏಕೆಂದರೆ ಎತ್ತರದಲ್ಲಿ ಹಾರುವ ವಿಮಾನ ನೆಲದ ಮೇಲಿನವನಿಗೆ ಕಪ್ಪು ಆಕೃತಿಯಾಗಿಯೇ ಕಾಣುವುದು.

ಆದರೆ ನನ್ನ ಮನಸ್ಸನ್ನು ಸೆಳೆದಿರುವುದು ಬಣ್ಣ. ವಿಮಾನದ ಬಣ್ಣಕ್ಕೆ ಎರಡು ಕೆಲಸಗಳಿವೆ: ಒಂದು ಮರೆಮಾಡುವುದು, ಇನ್ನೊಂದು ಗುರುತು ಹೇಳುವುದು. ಇವೆರಡೂ ಒಂದಕ್ಕೊಂದು ವಿರುದ್ಧ. ಈ ವಿರೋಧದಿಂದಲೇ ವಿಮಾನದ ಚಿಹ್ನೆಗಳ ಇತಿಹಾಸ ಹುಟ್ಟಿದೆ. 1914ರಲ್ಲಿ ಬ್ರಿಟಿಷರು ತಮ್ಮ ವಿಮಾನಗಳ ಮೇಲೆ ರಾಷ್ಟ್ರಧ್ವಜವನ್ನೇ ಬರೆದಿದ್ದರು. ದೂರದಿಂದ ಅದರೊಳಗಿನ ಶಿಲುಬೆ ಜರ್ಮನರ ಶಿಲುಬೆಯಂತೆ ಕಂಡು, ಸ್ವಂತ ಸೈನಿಕರೇ ಗುಂಡು ಹಾರಿಸತೊಡಗಿದರು. ಆಗ ಫ್ರೆಂಚರ ವರ್ತುಲ ಚಿಹ್ನೆಯನ್ನು ಎರವಲು ಪಡೆದು, ಬಣ್ಣಗಳ ಕ್ರಮವನ್ನು ತಿರುವುಮುರುವು ಮಾಡಿ, ಕೆಂಪನ್ನು ನಡುವಿಗೂ ನೀಲಿಯನ್ನು ಹೊರಗೂ ಇಟ್ಟುಕೊಂಡರು.

ಅದೇ ಕೆಂಪು ಬೊಟ್ಟು ಮುಂದೆ ನಮ್ಮ ಕಡೆಯ ಯುದ್ಧರಂಗದಲ್ಲಿ ತೊಡಕಾಯಿತು. ಜಪಾನೀಯರ ಚಿಹ್ನೆ ಕೆಂಪು ಸೂರ್ಯ. ಬರ್ಮಾದ ಕಾಡುಗಳ ಮೇಲೆ ಕ್ಷಣಮಾತ್ರ ಕಣ್ಣಿಗೆ ಬೀಳುವ ವಿಮಾನದಲ್ಲಿ ಕೆಂಪು ಕಂಡರೆ ಸಾಕು, ಪ್ರಮಾದವಾಗುವ ಸಂಭವ. ಆದುದರಿಂದ 1942–43ರ ಹೊತ್ತಿಗೆ ಈ ಭಾಗದ ವಿಮಾನಗಳಿಂದ ಕೆಂಪನ್ನು ತೆಗೆದುಹಾಕಲಾಯಿತು. ಕಡುನೀಲಿಯ ನಡುವೆ ತಿಳಿನೀಲಿ ಬಂದಿತು. ಭಾರತೀಯ ವೈಮಾನಿಕರು ಬರ್ಮಾದಲ್ಲಿ ಹಾರಿಸಿದ ಹರಿಕೇನ್ ವಿಮಾನಗಳ ಮೇಲಿದ್ದುದು ಈ ನೀಲಿ ಚಿಹ್ನೆಯೇ. ಸ್ವಾತಂತ್ರ್ಯ ಬಂದ ಮೇಲೆ ಕೆಲಕಾಲ ಅಶೋಕಚಕ್ರವು ರೆಕ್ಕೆಯನ್ನೇರಿತು. ಅನಂತರ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಎಂಬ ಇಂದಿನ ತ್ರಿವರ್ಣ ವರ್ತುಲ ನೆಲೆಗೊಂಡಿತು. ಸಾಮ್ರಾಜ್ಯದಿಂದ ಗಣರಾಜ್ಯದವರೆಗಿನ ಹಾದಿಯನ್ನು ನಾವು ಪಠ್ಯಪುಸ್ತಕದ ಹಲವು ಅಧ್ಯಾಯಗಳಲ್ಲಿ ಓದುತ್ತೇವೆ. ಮಾದರಿಕಾರನು ಅದನ್ನು ಕಡಲೆಕಾಳಿನಷ್ಟಗಲದ ವರ್ತುಲಗಳಲ್ಲಿ ಬರೆಯುತ್ತಾನೆ. ಬರೆಯುವ ಮುನ್ನ ‘ಯಾವ ವರ್ಷ? ಯಾವ ರಂಗ?’ ಎಂದು ವಿಚಾರಿಸದೆ ಅವನು ಕುಂಚವನ್ನು ಅದ್ದುವಂತಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೈನ್ಯವು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಿತು. ತಮ್ಮವರ ಗುಂಡಿಗೆ ತಮ್ಮವರೇ ಬಲಿಯಾಗಬಾರದೆಂದು, ಆ ದಿನ ಹಾರಲಿದ್ದ ವಿಮಾನಗಳ ರೆಕ್ಕೆಗೂ ಒಡಲಿಗೂ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಬಳಿಯಬೇಕೆಂದು ಆಜ್ಞೆಯಾಗಿತ್ತು. ಗುಟ್ಟು ಹೊರಬೀಳಬಾರದೆಂದು ಕೊನೆಯ ಗಳಿಗೆಯವರೆಗೆ ಆಜ್ಞೆಯನ್ನು ತಡೆಹಿಡಿಯಲಾಗಿತ್ತು. ವಿಮಾನ ನಿಲ್ದಾಣಗಳಲ್ಲಿ ಕೈಗೆ ಸಿಕ್ಕ ಕುಂಚಗಳಿಂದ ಹಗಲಿರುಳು ಬಳಿದರು. ಒಂಟಿ ಎಂಜಿನಿನ ವಿಮಾನದಲ್ಲಿ ಪಟ್ಟೆಯ ಅಗಲ ಹದಿನೆಂಟು ಅಂಗುಲ. ನಮ್ಮ ಮಾದರಿಯಲ್ಲಿ ಅದು ಕಾಲು ಅಂಗುಲ. ಈಗ ನೋಡಿ: ಅಳತೆಪಟ್ಟಿ ಹಿಡಿದು, ಟೇಪು ಅಂಟಿಸಿ, ನೂಲು ಹಿಡಿದಂತೆ ನೇರವಾಗಿ ಬಳಿದ ಪಟ್ಟೆ ಅನೇಕ ವೇಳೆ ಇತಿಹಾಸಕ್ಕೆ ದೂರ, ತುಸು ಅಂಕುಡೊಂಕಾದುದೇ ಸತ್ಯಕ್ಕೆ ಹತ್ತಿರ. ಎಲ್ಲಿ ನೇರವಿರಬೇಕು, ಎಲ್ಲಿ ಸೊಟ್ಟವಿರಬೇಕು ಎಂಬುದನ್ನು ಕೈಗೆ ಹೇಳಿಕೊಡುವುದು ಓದು. ಕೈಯೂ ಪುಸ್ತಕವೂ ಹೀಗೆ ಒಂದೆಡೆ ಸೇರುವ ಅಭ್ಯಾಸಗಳು ನಮ್ಮ ವಿದ್ಯಾಭ್ಯಾಸದಲ್ಲಿ ಎಷ್ಟಿವೆ?

ಇಲ್ಲಿ ಕೆಲವರು ಆಕ್ಷೇಪವೆತ್ತಬಹುದು. ಯುದ್ಧವಿಮಾನಗಳಿಗೆ ಬಣ್ಣ ಹಚ್ಚಿ ಸಂತೋಷಪಡುವುದು ಯುದ್ಧವನ್ನೇ ಮೆಚ್ಚಿದಂತಾಗದೆ? ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಹತ್ತಿರದಿಂದ ಬಲ್ಲವನಿಗೆ ಯುದ್ಧದ ಮೇಲೆ ಮೋಹ ಹುಟ್ಟುವುದು ಕಷ್ಟ. ಕಲ್ಕತ್ತೆಯಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1918ರ ಜುಲೈ ತಿಂಗಳಿನಲ್ಲಿ ಫ್ರಾನ್ಸಿನ ಮೇಲೆ ಎಸ್.ಇ.5ಎ ಎಂಬ ವಿಮಾನವನ್ನು ಹಾರಿಸಿ, ಎರಡು ವಾರಗಳೊಳಗೆ ಹತ್ತು ವಿಜಯಗಳನ್ನು ಗಳಿಸಿ, ಜುಲೈ 22ರಂದು ಮಡಿದನು. ಆಗ ಅವನಿಗೆ ಹತ್ತೊಂಬತ್ತು ವರ್ಷ. ನಮ್ಮ ತರಗತಿಯ ಬೆಂಚಿನ ಮೇಲೆ ಕೂರುವ ವಯಸ್ಸು. ಆ ವಿಮಾನದ ಮೇಲ್ಭಾಗ ಹಸಿರು ಬೆರೆತ ಕಂದು, ತಳಭಾಗ ಬಟ್ಟೆಯ ಸಹಜವರ್ಣ. ಮರದ ಕಟ್ಟಿಗೆ ಬಟ್ಟೆ ಹೊದಿಸಿದ ಇಂಥದರಲ್ಲಿ ಕುಳಿತು ಒಬ್ಬ ಹುಡುಗ ಹೋರಾಡಿದನೆಂಬುದು, ಅಂಗೈಯಗಲದ ಮಾದರಿಗೆ ಆ ಬಣ್ಣ ಬಳಿಯುವಾಗ ಮನಸ್ಸಿಗೆ ತಟ್ಟುವಷ್ಟು ಬೇರೆಲ್ಲಿಯೂ ತಟ್ಟಲಾರದು.

ಅಲ್ಲದೆ, ಬಣ್ಣದ ವಿಮಾನಗಳೆಲ್ಲ ಯುದ್ಧದವೇ ಅಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. ಅದನ್ನು ಅಲ್ಲಿಂದ ಮುಂದೆ ಮದರಾಸಿಗೆ ಒಯ್ದ ನೆವಿಲ್ ವಿನ್ಸೆಂಟ್ ಅವರು ಹಾದುಹೋದುದು ನಮ್ಮ ಬಳ್ಳಾರಿಯ ಮೂಲಕವೇ. 1996ರಲ್ಲಿ ಬೀದರಿನಲ್ಲಿ ಸ್ಥಾಪನೆಯಾದ ‘ಸೂರ್ಯಕಿರಣ’ ತಂಡವು ಬೆಂಗಳೂರಿನಲ್ಲಿ ತಯಾರಾದ ಕಿರಣ್ ವಿಮಾನಗಳಿಂದ ಜನಮನವನ್ನು ಸೂರೆಗೊಂಡಿತು. ಆ ವಿಮಾನಗಳ ಕಿತ್ತಳೆಗೆಂಪು ಮತ್ತು ಬಿಳಿ ಬಣ್ಣವನ್ನು ನೋಡಿದವರು ಮರೆಯಲಾರರು. ತರಬೇತಿ ವಿಮಾನಗಳ ಅಭಾವದಿಂದ 2011ರಲ್ಲಿ ತಂಡದ ಪ್ರದರ್ಶನ ನಿಂತಿತು. ಕೆಲವು ವರ್ಷಗಳ ಮೇಲೆ ಅದು ಮರಳಿ ಬಂದುದು ಹಾಕ್ ವಿಮಾನಗಳಲ್ಲಿ, ಕೆಂಪು-ಬಿಳಿಯ ವೇಷದಲ್ಲಿ. ‘ಸಾರಂಗ’ ತಂಡದ ಧ್ರುವ ಹೆಲಿಕಾಪ್ಟರುಗಳ ಒಡಲ ಮೇಲೆ ಬರೆದಿರುವುದು ನವಿಲು.

ಎರಡನೆಯ ಆಕ್ಷೇಪ ಹಣದ್ದು. ಹೊರದೇಶದಿಂದ ಬರುವ ಪ್ಲಾಸ್ಟಿಕ್ ಕಿಟ್ಟುಗಳ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ ಎಂಬುದು ನಿಜ. ಆದರೆ ಕಿಟ್ಟಿಲ್ಲದೆ ಮಾದರಿಯಿಲ್ಲ ಎಂಬುದು ನಿಜವಲ್ಲ. ಮದುವೆಯ ಕರೆಯೋಲೆಯ ರಟ್ಟು, ಸಾಧ್ಯವಾದರೆ ಒಂದು ತುಂಡು ಬಾಲ್ಸಾ ಮರ, ಬ್ಲೇಡು, ಗೋಂದು, ಉಪ್ಪುಕಾಗದ, ಎರಡು ಕುಂಚ, ಇಷ್ಟಿದ್ದರೆ ಆರಂಭ ಮಾಡಬಹುದು. ವಿಮಾನದ ಮೂರು ನೋಟಗಳ ನಕ್ಷೆಯನ್ನು ಪ್ರಮಾಣಕ್ಕೆ ಇಳಿಸಿಕೊಂಡು, ರಟ್ಟಿನ ಮೇಲೆ ಬರೆದು ಕತ್ತರಿಸಬೇಕು. ಅಂಟಿಸಿದ ಸಂದುಗಳನ್ನು ತುಂಬಿ, ಬೆರಳಾಡಿಸಿದರೆ ತಡೆಯದಂತೆ ಉಜ್ಜಬೇಕು. ಬಣ್ಣವನ್ನು ತೆಳುವಾಗಿ ಎರಡು ಮೂರು ಕೈ ಕೊಡಬೇಕು. ಇನ್ನೊಂದು ಸೂಕ್ಷ್ಮವುಂಟು: ನಿಜವಾದ ವಿಮಾನದ ಬಣ್ಣವನ್ನೇ ಹಾಗೆಯೇ ಚಿಕ್ಕ ಮಾದರಿಗೆ ಬಳಿದರೆ ಅದು ಕಣ್ಣಿಗೆ ಗಾಢವಾಗಿ ಕಾಣುವುದು. ದೂರದ ಬೆಟ್ಟ ಮಸುಕಾಗಿ ಕಾಣುವಂತೆ, ದೂರದ ವಿಮಾನದ ಬಣ್ಣವೂ ಗಾಳಿಯ ಪರದೆಯಲ್ಲಿ ತಿಳಿಯಾಗುವುದು. ಆದುದರಿಂದ ಬಲ್ಲವರು ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸಿಕೊಳ್ಳುತ್ತಾರೆ.

ಮೂರನೆಯ ಆಕ್ಷೇಪವೊಂದಿದೆ. ಅದನ್ನು ಯಾರೂ ಸಭೆಯಲ್ಲಿ ಎತ್ತುವುದಿಲ್ಲ; ಅದು ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು. ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ನಮ್ಮ ತಂದೆಯವರು ಲಾರಿಗಳಿಗೆ ಬಣ್ಣ ಹೊಡೆದು, ಹೂಬಳ್ಳಿ ಮತ್ತು ಅಕ್ಷರಗಳನ್ನು ಬರೆಯುವವರು. ನಾನು ಮಾದರಿಗೆ ಬಣ್ಣ ಹಚ್ಚುತ್ತಿದ್ದುದನ್ನು ಮೊದಲು ಕಂಡಾಗ ಅವರು ಹೇಳಿದ್ದು ಇಷ್ಟೆ: “ಈ ಬಣ್ಣ ನಿನ್ನ ಕೈಗೆ ಮೆತ್ತಬಾರದು ಅಂತಲೇ ನಿನ್ನ ಓದಿಸಿದ್ದು ಕಣಪ್ಪಾ.” ಈ ಮಾತಿನ ಹಿಂದೆ ಎಷ್ಟು ಬಿಸಿಲು, ಎಷ್ಟು ಟರ್ಪೆಂಟೈನ್ ವಾಸನೆ, ಬಾಕಿ ಉಳಿದ ಎಷ್ಟು ಕೂಲಿ ಇದೆಯೆಂಬುದನ್ನು ನಾನು ಬಲ್ಲೆ. ಹೊಟ್ಟೆಪಾಡಿಗೆ ಬಣ್ಣ ಹೊಡೆಯುವುದಕ್ಕೂ ಇಷ್ಟಪಟ್ಟು ಹೊಡೆಯುವುದಕ್ಕೂ ಇರುವ ಅಂತರವನ್ನು ಮರೆತು ಶ್ರಮದ ಹಿರಿಮೆಯನ್ನು ಕೊಂಡಾಡುವುದು ನನ್ನ ಉದ್ದೇಶವಲ್ಲ.

ಆದರೂ ಒಂದು ಪ್ರಶ್ನೆಯನ್ನು ವಿನಯದಿಂದ ಕೇಳಬೇಕಾಗಿದೆ. ನಮ್ಮ ತಂದೆಯವರನ್ನು ನೋಯಿಸಿದ್ದು ಬಣ್ಣವೇ? ಅಲ್ಲ. ಕೆಲಸಕ್ಕೆ ತಕ್ಕ ಕೂಲಿ ಸಿಗದಿದ್ದುದು, ಕೆಲಸಗಾರನಿಗೆ ಕುರ್ಚಿ ಸಿಗದಿದ್ದುದು ಅವರನ್ನು ನೋಯಿಸಿತು. ಆ ಕುರ್ಚಿಯನ್ನು ಕೊಡದಿದ್ದವರು ಬಹುಮಟ್ಟಿಗೆ ಓದಿದವರೇ. ಇಂದು ನಾವೂ ಪದವಿ ಪಡೆದು, ಕೈಗೆ ಮೆತ್ತಿದ ಬಣ್ಣವನ್ನು ಕಂಡು ಮುಖ ತಿರುಗಿಸುವವರ ಸಾಲಿಗೆ ಸೇರಿಕೊಂಡರೆ, ನಮ್ಮ ವಿದ್ಯೆ ನಮ್ಮ ಹಿರಿಯರಿಗೆ ಮಾಡಿದ ಉಪಕಾರವಾದರೂ ಏನು? ಬಡಗಿಯ, ಕಮ್ಮಾರನ, ದರ್ಜಿಯ ಮಕ್ಕಳು ಈ ಕಾಲೇಜಿನಲ್ಲಿ ನೂರಾರು ಮಂದಿ ಇದ್ದೇವೆ. ನಮ್ಮ ಬೆರಳುಗಳಲ್ಲಿ ತಲೆಮಾರುಗಳಿಂದ ಬಂದ ಕೌಶಲವುಂಟು. ಮೂರು ವರ್ಷಗಳಲ್ಲಿ ಅದನ್ನು ಮರೆಯುವುದನ್ನೇ ನಾವು ವಿದ್ಯೆಯೆಂದು ತಿಳಿದರೆ ಅದು ದೊಡ್ಡ ನಷ್ಟ. ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ಮೊದಲ ಕೈ ಒಣಗುವ ಮುನ್ನ ಎರಡನೆಯದನ್ನು ಕೊಡಬಾರದು, ಎಂಬ ಪಾಠವನ್ನು ನನಗೆ ಯಾವ ಗ್ರಂಥವೂ ಹೇಳಲಿಲ್ಲ. ಕೆಲವು ದಿನ ಸುಮ್ಮನೆ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ ಪಕ್ಕದಲ್ಲಿ ಬಂದು ಕುಳಿತ ನಮ್ಮ ತಂದೆಯವರೇ ಹೇಳಿದರು. ವಿಮಾನ ಯಾವುದು, ಚಿಹ್ನೆ ಏಕೆ ಬದಲಾಯಿತು ಎಂಬುದನ್ನು ನಾನು ಅವರಿಗೆ ಹೇಳಿದೆನು. ಅವರ ವಿದ್ಯೆಯೂ ನನ್ನ ವಿದ್ಯೆಯೂ ಸರಿಸಮನಾಗಿ ಕುಳಿತು ಮಾತನಾಡಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಆದ ಕಾರಣ ಕಾಲೇಜಿನ ಅಧ್ಯಾಪಕವರ್ಗದ ಮುಂದೆ ಒಂದು ಸಣ್ಣ ಸಲಹೆಯನ್ನು ಇಡಬಯಸುತ್ತೇನೆ. ಇತಿಹಾಸ ವಿಭಾಗದಲ್ಲಿ ಗಾಜಿನ ಬಾಗಿಲಿನ ಒಂದು ಬೀರು ದೊರೆತರೆ ಸಾಕು. ವರ್ಷಕ್ಕೆ ಐದು ವಿದ್ಯಾರ್ಥಿಗಳೋ ವಿದ್ಯಾರ್ಥಿನಿಯರೋ ತಲಾ ಒಂದು ಮಾದರಿಯನ್ನು ರಟ್ಟಿನಲ್ಲಿಯೋ ಮರದಲ್ಲಿಯೋ ಮಾಡಿ ಅಲ್ಲಿಡಲಿ. ಪ್ರತಿಯೊಂದರ ಜೊತೆಗೆ ವಿಮಾನದ ಹೆಸರು, ಕಾಲ, ಸ್ಥಳ, ಆ ಬಣ್ಣವೇ ಏಕೆ ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಲಗತ್ತಿಸಲಿ. ಅಂಚೆ ತಂದ ಪುಸ್ ಮಾತ್, ಇಂದ್ರಲಾಲ್ ರಾಯ್ ಹಾರಿಸಿದ ಬಗೆಯ ಎಸ್.ಇ.5ಎ, ನೀಲಿ ವರ್ತುಲದ ಹರಿಕೇನ್, ಬೆಂಗಳೂರಿನ ಮರುತ್, ಬೀದರಿನ ಸೂರ್ಯಕಿರಣ — ಮೊದಲ ವರ್ಷಕ್ಕೆ ಇವು ಐದು. ವಾರ್ಷಿಕ ಪ್ರವಾಸವು ಬೆಂಗಳೂರಿನ ಕಡೆಗೆ ಹೊರಟಾಗ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೂ ಅರ್ಧ ದಿನ ಮೀಸಲಾಗಲಿ. ಅಲ್ಲಿ ಮರುತ್ ವಿಮಾನದ ಪಕ್ಕದಲ್ಲಿ ನಿಂತು ಅಳೆಯುವ ಕಣ್ಣಿನಿಂದ ನೋಡಿ ಬಂದವನು ಮತ್ತೆ ಅದನ್ನು ಮರೆಯಲಾರನು.

ಇದರಿಂದ ಪರೀಕ್ಷೆಯಲ್ಲಿ ಅಂಕಗಳು ಹೆಚ್ಚಾಗುವುವೆಂದು ನಾನು ಹೇಳುವುದಿಲ್ಲ. ಕೆಲಸ ಸಿಗುವುದೆಂದೂ ಹೇಳುವುದಿಲ್ಲ. ಆದರೆ ಓದಿದ್ದನ್ನು ಕೈಯಿಂದ ಮಾಡಿ ನೋಡುವ, ಮಾಡಿದ್ದನ್ನು ಓದಿ ತಿದ್ದಿಕೊಳ್ಳುವ ಒಂದು ಶಿಸ್ತು ಖಂಡಿತ ಲಭಿಸುವುದು. ಮುಂದಿನ ವರ್ಷ ನಾವು ಇಲ್ಲಿರುವುದಿಲ್ಲ. ಬೀರುವೊಂದು ತೆರವಾದರೆ, ಮೊದಲನೆಯ ಮಾದರಿಯಾಗಿ ನನ್ನ ಮರುತ್ ವಿಮಾನವನ್ನು ಕೊಟ್ಟುಹೋಗಲು ಸಿದ್ಧನಿದ್ದೇನೆ. ಉಳಿದ ನಾಲ್ಕನ್ನು ನಮ್ಮ ಕಿರಿಯ ಮಿತ್ರರು ಪೂರೈಸುವರೆಂದು ನಂಬಿದ್ದೇನೆ.