ಗೋಡಿನ ಲೆಕ್ಕ ಕೇಳಿ

ಗೆಳೆಯರೇ, ಹರಿಯುವ ನೀರು ಸುಳ್ಳು ಹೇಳುತ್ತದೆ. ಇವತ್ತು ಬಿಟ್ಟ ವಿಷ ನಾಳೆಗೆ ಕೆಳಗಿನೂರು ದಾಟಿರುತ್ತದೆ. ತಳದ ಗೋಡು ಸುಳ್ಳು ಹೇಳಲಾರದು. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ನುಣ್ಣನೆ ಜೇಡಿಗೆ ಅಂಟಿ ಪದರ ಪದರವಾಗಿ ಕೂರುತ್ತವೆ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ನದೀಪಾತ್ರಗಳನ್ನು ಕಲುಷಿತವೆಂದು ಪಟ್ಟಿಮಾಡಿತು. ಕರ್ನಾಟಕದ್ದು 17. ರಂಗನತಿಟ್ಟಿನಿಂದ ಕೆಳಗಿನ ಕಾವೇರಿಯೂ ಅದರಲ್ಲಿತ್ತು. ಅಳೆದದ್ದೇನನ್ನು? ನೀರಿನ ಬಿ.ಓ.ಡಿ., ಅಂದರೆ ಕೊಳೆ ಅರಗಲು ಬೇಕಾದ ಆಮ್ಲಜನಕದ ಲೆಕ್ಕ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಕಲುಷಿತ. ಸೀಸದ ಲೆಕ್ಕ ಇದರಲ್ಲಿಲ್ಲ. ಗೋಡನ್ನು ಆ ಪಟ್ಟಿ ಕೇಳಲೇ ಇಲ್ಲ.

ಆ ಗೋಡಿನಲ್ಲಿ ನಿಲ್ಲೋರು ಯಾರು? ಬಲೆ ಬೀಸೋರು, ಬಟ್ಟೆ ಒಗೆಯೋರು, ಮರಳು ಬಾಚೋ ಕೂಲಿಯೋರು, ಎಮ್ಮೆ ಮೈ ತೊಳೆಯೋ ಮಕ್ಕಳು. ಬಾಟಲಿ ನೀರು ಕುಡಿಯೋರಲ್ಲ.

ಜಪಾನಿನ ಮಿನಮಾಟ ಕೊಲ್ಲಿಗೆ ಕಾರ್ಖಾನೆಯೊಂದು ಪಾದರಸ ಬಿಟ್ಟಿತು. ರೋಗ ಬಯಲಾದದ್ದು 1956ರಲ್ಲಿ. ವಿಷ ಬಿಡೋದು ನಿಂತದ್ದು 1968ರಲ್ಲಿ. ತಳದ ಕೆಸರು ಬಳಿಯುವ ಕೆಲಸ ಮುಗಿದದ್ದು 1990ರಲ್ಲಿ. ನರಳಿದವರು ಮೀನು ತಿಂದು ಬದುಕುತ್ತಿದ್ದ ಬಡವರು.

"ಒಂದು ಬುಟ್ಟಿ ಕೆಸರು ಪರೀಕ್ಷೆ ಮಾಡಿಸಿದರೆ ಸಾಕಲ್ಲ?" ಅನ್ನೋ ಸಾಹೇಬರಿದ್ದಾರೆ. ಸಾಲದು ಸ್ವಾಮಿ. ಯೋಜನೆಯಿಲ್ಲದ ಪರೀಕ್ಷೆ ಅಪರಾಧಿಗೆ ಜಾಮೀನು. ಮರಳು ತೆಗೆದರೆ ವಿಷ ಕಾಣದು. ಮೇಲ್ಪದರ ಕೆರೆದರೆ ಹಳೇ ಪಾಪ ಕಾಣದು. ಹೋಲಿಸಲು ಹೊಳೆಯ ಮೇಲ್ಭಾಗದ ಗೋಡಿಲ್ಲದಿದ್ದರೆ "ಇದು ಬಂಡೆಯ ಗುಣ" ಎಂದು ಕೈ ತೊಳೆದುಕೊಳ್ಳುತ್ತಾರೆ.

ಆದ್ದರಿಂದ ಮೊದಲು ಪ್ರಶ್ನೆ ಬರೆಯಿರಿ: ಯಾವ ವಿಷ, ಎಲ್ಲಿಂದ, ಯಾರಿಗೆ ಹಾನಿ? ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರದ ಬಯಲು ಹಾದು, ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿ ಸೇರುವ ಲೋಕಪಾವನಿಗೆ ಅದರ ಮೇಲ್ಭಾಗವೇ ಹೋಲಿಕೆ, ಕೆ.ಆರ್.ಪೇಟೆಯ ಹೇಮಾವತಿಗೆ ಅದರದ್ದು. ಚರಂಡಿ ಸೇರುವ ಜಾಗದ ಮೇಲೂ ಕೆಳಗೂ, ಕಟ್ಟೆಗಳ ಹಿಂದೆ, ಕನ್ನಂಬಾಡಿ ಹಿನ್ನೀರಿನಲ್ಲಿ ಕೊಳವೆ ಇಳಿಸಿ ಆಳದ ಗೋಡು ತೆಗೆಯಿರಿ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಒಂದೊಂದು ಜಾಗದಲ್ಲೂ ಹಲವು ಸಲ. ಆ ಗೋಡಿನಲ್ಲಿ ಹುಳು ಬದುಕುತ್ತದೋ, ಮೀನಿನ ಮೈಗೆ ಎಷ್ಟು ಸೇರಿದೆಯೋ ನೋಡಿ. ಇಷ್ಟು ದಾಟಿದರೆ ಏನು ಮಾಡುತ್ತೀರೆಂದು ಪರೀಕ್ಷೆಗೆ ಮೊದಲೇ ಬರೆದು ಸಹಿ ಹಾಕಿ. ಇಲ್ಲದಿದ್ದರೆ ಫಲಿತಾಂಶ ನೋಡಿ ಅಳತೆಗೋಲನ್ನೇ ಬದಲಿಸುತ್ತಾರೆ.

ಮೇಷ್ಟ್ರುಗಳೇ, ಯಾವ ಮಡುವಿನಲ್ಲಿ ಗೋಡು ನಿಲ್ಲುತ್ತದೆಂಬ ನಕ್ಷೆ ಬಲೆ ಬೀಸೋರ ಬಾಯಲ್ಲಿದೆ. ಅವರನ್ನು ಯೋಜನೆಯ ಸಭೆಯಲ್ಲಿ ಕೂರಿಸಿ. ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಅಂಟಿಸಿ.

ಕನ್ನಂಬಾಡಿ ತುಂಬಿದಾಗ ಬಾಗಿನ ಬಿಡೋರು ಕಟ್ಟೆಯ ಮೇಲೆ ನಿಂತು ಕೈಮುಗಿದು ಹೋಗ್ತಾರೆ. ಕೆಳಗಿಳಿದು ಗೋಡು ತುಳಿಯೋರಿಗೆ ಮೊದಲು ಲೆಕ್ಕ ಕೊಡಲಿ.